ಕಾರಿನೊಳಗಿನ ಮುಕ್ತ ತಂತ್ರಾಂಶ: ಒಂದು ಚಾರಿತ್ರಿಕ ನೋಟ

ಈಚಿನ ಕಾರುಗಳಲ್ಲಿ ಚಾಲಕನ ಎಡಗೈಗೆ ಎಟುಕುವಂತೆ ಒಂದು ಸ್ಪರ್ಶ ಪರದೆ ಇರುತ್ತದೆ. ಹಾಡು, ನಕಾಶೆ, ಫೋನ್ ಕರೆ ಎಲ್ಲವೂ ಅದರ ಮೂಲಕವೇ. ಆ ಪರದೆಯ ಸೆಟ್ಟಿಂಗ್ಸ್ ಪುಟಗಳಲ್ಲಿ ಹುಡುಕಿದರೆ ಹಲವು ಕಾರುಗಳಲ್ಲಿ ಪರವಾನಗಿಗಳ ಒಂದು ಪಟ್ಟಿ ಸಿಗುತ್ತದೆ. ಸಣ್ಣ ಅಕ್ಷರಗಳಲ್ಲಿ, ಪುಟದ ಮೇಲೆ ಪುಟ. ಅದನ್ನು ಓದುವವರು ಕಡಿಮೆ. ಓದಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ತಾವು ಹಣ ಕೊಟ್ಟು ಕೊಂಡ ಕಾರಿನಲ್ಲಿ, ಜಗತ್ತಿನ ನಾನಾ ಮೂಲೆಗಳ ಸಾವಿರಾರು ಜನ ಬರೆದು ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ತಂತ್ರಾಂಶವೂ ಇದೆ. ಲಿನಕ್ಸ್ ಅವುಗಳಲ್ಲಿ ಮುಖ್ಯವಾದದ್ದು.

ತಮ್ಮ ಎಂಜಿನ್ನಿನ ವಿನ್ಯಾಸವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯುವ ಕಾರು ಕಂಪನಿಗಳು, ಮೂಲವನ್ನು ಬಿಚ್ಚಿಡಬೇಕೆಂಬ ನಿಯಮವುಳ್ಳ ತಂತ್ರಾಂಶವನ್ನು ಒಪ್ಪಿಕೊಂಡದ್ದು ಹೇಗೆ? ಈ ಕಥೆಯಲ್ಲಿ ಬೆಂಗಳೂರಿನ ಪಾಲೇನು? ಕಾರಿನ ಮಾಲೀಕನಿಗೂ ಬೀದಿ ಬದಿಯ ಮೆಕ್ಯಾನಿಕ್‌ಗೂ ಇದರಿಂದ ಆದದ್ದೇನು? ಈ ಪ್ರಶ್ನೆಗಳನ್ನು ಕಾಲಾನುಕ್ರಮದಲ್ಲಿ ನೋಡೋಣ.

ಎಂಜಿನ್ನಿಗೆ ಗಣಕ ಬಂದದ್ದು

ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ ಒಂದೋ ಶಕ್ತಿ ಕುಗ್ಗುತ್ತದೆ, ಇಲ್ಲವೇ ಹೊಗೆ ಕೆಡುತ್ತದೆ. ಬಹುಕಾಲ ಈ ಮಿಶ್ರಣದ ಕೆಲಸವನ್ನು ಕಾರ್ಬ್ಯುರೇಟರ್ ಮಾಡುತ್ತಿತ್ತು. ಅದು ಶುದ್ಧ ಯಾಂತ್ರಿಕ ಸಾಧನ. ಜೆಟ್ಟನ್ನು ಬಿಚ್ಚಿ, ಊದಿ, ತಿರುಪನ್ನು ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ ಸರಿಮಾಡುವ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದರು.

ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನ ಸಿಂಪರಣಾ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ಅದರಲ್ಲಿ ಟ್ರಾನ್ಸಿಸ್ಟರುಗಳಿದ್ದವು, ಆದರೆ ತಂತ್ರಾಂಶ ಇರಲಿಲ್ಲ. ಲೆಕ್ಕವನ್ನೆಲ್ಲ ವಿದ್ಯುನ್ಮಂಡಲವೇ ಮಾಡುತ್ತಿತ್ತು. ಅಮೆರಿಕದಲ್ಲಿ 1970ರ ಶುದ್ಧ ವಾಯು ಕಾಯಿದೆಯ ನಂತರ ಹೊಗೆಯ ಮಿತಿಗಳು ಬಿಗಿಯಾದವು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸಂವೇದಕ 1976ರಲ್ಲಿ ವೋಲ್ವೊ ಕಾರಿಗೆ ಬಂತು. ಅಳತೆ ಇದ್ದರೆ ಸಾಲದು. ಅದನ್ನು ನೋಡಿ ತಕ್ಷಣ ತಿದ್ದುವವರು ಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸಿಗುವ ಸಮಯ 10 ಮಿಲಿಸೆಕೆಂಡು ಮಾತ್ರ. ಈ ಕೆಲಸಕ್ಕೆ ಸೂಕ್ಷ್ಮ ಸಂಸ್ಕಾರಕ, ಅಂದರೆ ಮೈಕ್ರೊಪ್ರೊಸೆಸರ್, ಹೇಳಿ ಮಾಡಿಸಿದಂತಿತ್ತು.

ಜನರಲ್ ಮೋಟಾರ್ಸ್ 1977ರಲ್ಲಿ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಕಿಡಿಯ ಸಮಯವನ್ನು ಸೂಕ್ಷ್ಮ ಸಂಸ್ಕಾರಕಕ್ಕೆ ಒಪ್ಪಿಸಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನ ಬಾಷ್ ಮೋಟ್ರಾನಿಕ್, ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಅಂಕೀಯ ಪೆಟ್ಟಿಗೆಯಲ್ಲಿ ಸೇರಿಸಿತು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್‌ನ ಅಮೆರಿಕದ ಎಲ್ಲ ಪ್ರಯಾಣಿಕ ಕಾರುಗಳಲ್ಲೂ ಸುಮಾರು 50,000 ಸಾಲುಗಳ ತಂತ್ರಾಂಶ ಓಡುತ್ತಿತ್ತು. ಇಂದಿನ ದುಬಾರಿ ಕಾರಿನಲ್ಲಿ ಈ ಸಂಖ್ಯೆ 10 ಕೋಟಿ ಸಾಲುಗಳ ಮಟ್ಟದ್ದು ಎಂಬ ಅಂದಾಜು 2009ರಿಂದಲೂ ಚಾಲ್ತಿಯಲ್ಲಿದೆ. ಎಂಜಿನ್, ಬ್ರೇಕು, ಗಾಳಿಚೀಲ, ಕಿಟಕಿ, ದೀಪ ಹೀಗೆ ಪ್ರತಿಯೊಂದಕ್ಕೂ ಒಂದು ವಿದ್ಯುನ್ಮಾನ ನಿಯಂತ್ರಣ ಘಟಕ. ಎಂಜಿನಿಯರುಗಳ ಬಾಯಲ್ಲಿ ಇದು ಇಸಿಯು.

ಎರಡು ತಂತಿಗಳ ಮೇಲಿನ ಮಾತುಕತೆ

ಘಟಕಗಳು ಹೆಚ್ಚಿದಂತೆ ಅವುಗಳ ನಡುವಿನ ತಂತಿಗಳೂ ಹೆಚ್ಚಿದವು. ಪ್ರತಿ ಜೋಡಿಗೂ ಬೇರೆ ಬೇರೆ ತಂತಿ ಎಳೆದರೆ ತಾಮ್ರದ ತೂಕವೇ ಕಾರಿಗೆ ಭಾರ. ಬಾಷ್ 1983ರಲ್ಲಿ ಇದಕ್ಕೆ ಪರಿಹಾರ ಹುಡುಕತೊಡಗಿ, 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ವಾಹನ ಎಂಜಿನಿಯರುಗಳ ಸಮಾವೇಶದಲ್ಲಿ ಕ್ಯಾನ್ ಎಂಬ ಜಾಲವನ್ನು ಮಂಡಿಸಿತು. ಒಂದು ಜೊತೆ ತಂತಿ. ಎಲ್ಲ ಘಟಕಗಳೂ ಅದಕ್ಕೇ ಜೋಡಣೆ.

ಇದರ ಭೌತವಿಜ್ಞಾನ ಸರಳ, ಆದರೆ ಸೊಗಸು. ಸುಮ್ಮನಿರುವಾಗ ಎರಡೂ ತಂತಿಗಳು ಸುಮಾರು 2.5 ವೋಲ್ಟ್‌ನಲ್ಲಿರುತ್ತವೆ; ಇದು 1. ಯಾವುದಾದರೂ ಘಟಕ 0 ಹೇಳಬೇಕಾದರೆ ಒಂದು ತಂತಿಯನ್ನು 3.5 ವೋಲ್ಟ್‌ಗೆ ಏರಿಸಿ ಇನ್ನೊಂದನ್ನು 1.5 ವೋಲ್ಟ್‌ಗೆ ಇಳಿಸುತ್ತದೆ. ಕೇಳುವವರು ನೋಡುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು. ಕಿಡಿ ಹೊತ್ತಿಸುವ ಸುರುಳಿಯಿಂದ ಬರುವ ವಿದ್ಯುತ್ ಗದ್ದಲ ಹೆಣೆದುಕೊಂಡ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುವುದರಿಂದ ವ್ಯತ್ಯಾಸದಲ್ಲಿ ಅದು ಕಳೆದುಹೋಗುತ್ತದೆ.

ಇಬ್ಬರು ಏಕಕಾಲಕ್ಕೆ ಮಾತಾಡಿದರೆ? ಪ್ರತಿ ಸಂದೇಶದ ತಲೆಯಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಒಂದೊಂದೇ ಬಿಟ್ ಕಳಿಸುತ್ತ ಪ್ರತಿಯೊಬ್ಬರೂ ತಂತಿಯನ್ನು ಕೇಳುತ್ತಿರುತ್ತಾರೆ. ಒಬ್ಬ 1, ಇನ್ನೊಬ್ಬ 0 ಹೇಳಿದರೆ ತಂತಿಯ ಮೇಲೆ ನಿಲ್ಲುವುದು 0. ತಾನು 1 ಹೇಳಿದರೂ 0 ಕೇಳಿಸಿತು ಎಂದಾದವನು ಸುಮ್ಮನಾಗುತ್ತಾನೆ. ಗೆದ್ದ ಸಂದೇಶಕ್ಕೆ ಏನೂ ಹಾನಿಯಾಗದೆ ಮುಂದುವರಿಯುತ್ತದೆ. ಆದ್ದರಿಂದ ಬ್ರೇಕಿನ ಸಂದೇಶಕ್ಕೆ ಚಿಕ್ಕ ಸಂಖ್ಯೆ, ಕಿಟಕಿಯ ಸಂದೇಶಕ್ಕೆ ದೊಡ್ಡ ಸಂಖ್ಯೆ ಕೊಟ್ಟರೆ ಸಾಕು, ಆದ್ಯತೆ ತಾನಾಗಿಯೇ ಸಿಗುತ್ತದೆ. ಈ ಏರ್ಪಾಡಿಗೆ ಒಂದು ಮಿತಿಯಿದೆ. ತಂತಿಯ ಮೇಲೆ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡು ಬೇಕು. ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಒಂದು ಬಿಟ್‌ಗೆ ಸಿಗುವುದು 1000 ನ್ಯಾನೊಸೆಕೆಂಡು. ಅಷ್ಟರೊಳಗೆ ಸಂಕೇತ ತುದಿ ಮುಟ್ಟಿ ಉತ್ತರ ಹಿಂದಿರುಗಬೇಕು, ಮಂಡಲಗಳ ವಿಳಂಬವೂ ಸೇರಬೇಕು. ಹಾಗಾಗಿ ಈ ವೇಗದಲ್ಲಿ ತಂತಿ ಸುಮಾರು 40 ಮೀಟರ್ ಮೀರುವಂತಿಲ್ಲ. ಕಾರಿಗೆ ಇದು ಧಾರಾಳ.

1990ರ ದಶಕದ ಆರಂಭದಲ್ಲಿ ಮರ್ಸಿಡಿಸ್‌ನ ಎಸ್ ಶ್ರೇಣಿಯ ಕಾರುಗಳಲ್ಲಿ ಕ್ಯಾನ್ ಬಂದಿತು. 1993ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ನಮ್ಮ ಕಥೆಗೆ ಮುಖ್ಯವಾದದ್ದು ಇದು: ಜಾಲದ ನಿಯಮ ಎಲ್ಲರಿಗೂ ತಿಳಿದದ್ದು, ಆದರೆ ಅದರ ಮೇಲೆ ಹರಿಯುವ ಸಂದೇಶಗಳ ಅರ್ಥ ಆಯಾ ಕಂಪನಿಯ ಗುಟ್ಟು. ಭಾಷೆಯ ವ್ಯಾಕರಣ ಬಹಿರಂಗ, ನಿಘಂಟು ಬೀರುವಿನಲ್ಲಿ.

ಮುಕ್ತ ತಂತ್ರಾಂಶದ ಹುಟ್ಟು

ಇದೇ ವರ್ಷಗಳಲ್ಲಿ ಗಣಕಗಳ ಲೋಕದಲ್ಲಿ ಬೇರೊಂದು ಚಳವಳಿ ಹುಟ್ಟಿತ್ತು. ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ತಮ್ಮ ಪ್ರಯೋಗಾಲಯದ ಮುದ್ರಕ ಯಂತ್ರದ ತಂತ್ರಾಂಶವನ್ನು ತಿದ್ದಿಕೊಳ್ಳಬೇಕಿತ್ತು. ಅದರ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಅವರಿಗೆ ಸಿಗಲಿಲ್ಲ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಲ್ಲವನಿಗೆ ಅದನ್ನು ಮುಟ್ಟಲು ಬಿಡದ ಈ ಸ್ಥಿತಿ ಅವರನ್ನು ಕೆಣಕಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯ ಮೊದಲ ಆವೃತ್ತಿ, 1991ರಲ್ಲಿ ಎರಡನೆಯದು ಬಂದವು. ಅದರ ಸಾರ ಇಷ್ಟೇ: ಈ ತಂತ್ರಾಂಶವನ್ನು ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವರು ತಿದ್ದಿದ ಮೂಲ ಸಂಕೇತವನ್ನೂ ಪಡೆದವರಿಗೆ ಒದಗಿಸಬೇಕು. 1991ರ ಆಗಸ್ಟ್‌ನಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬಗ್ಗೆ ಪ್ರಕಟಿಸಿ, ಮರುವರ್ಷ ಅದನ್ನು ಈ ಪರವಾನಗಿಯಡಿ ತಂದರು.

ಕಾರು ತಯಾರಕರು ಆಗ ಇದರತ್ತ ನೋಡಲಿಲ್ಲ. ಆದರೆ ಒಂದೇ ಬಗೆಯ ಕೆಲಸವನ್ನು ಪ್ರತಿಯೊಬ್ಬರೂ ಮತ್ತೆ ಮತ್ತೆ ಮಾಡುವ ಖರ್ಚು ಅವರಿಗೂ ತಟ್ಟಿತ್ತು. 1993ರಲ್ಲಿ ಜರ್ಮನಿಯ ಕಂಪನಿಗಳು ಓಸೆಕ್ ಎಂಬ ಸಾಮಾನ್ಯ ಮಾನಕವನ್ನು ಆರಂಭಿಸಿದವು. 2003ರಲ್ಲಿ ಅದಕ್ಕಿಂತ ದೊಡ್ಡದಾದ ಆಟೊಸಾರ್ ಬಂತು. ಇವು ಮುಕ್ತ ತಂತ್ರಾಂಶಗಳಲ್ಲ. ನಿಯಮಗಳನ್ನು ಎಲ್ಲರೂ ಸೇರಿ ಬರೆದು, ಅದರಂತೆ ತಂತ್ರಾಂಶವನ್ನು ಬೇರೆ ಬೇರೆ ಕಂಪನಿಗಳು ಬರೆದು ಮಾರುವ ವ್ಯವಸ್ಥೆ. ಸ್ಪರ್ಧಿಗಳು ಒಂದೇ ಮೇಜಿನ ಸುತ್ತ ಕೂರಬಹುದು ಎಂಬುದನ್ನು ಮಾತ್ರ ಇವು ತೋರಿಸಿಕೊಟ್ಟವು.

ಲಿನಕ್ಸ್ ಕಾರಿಗೆ ಬಂದದ್ದು

ಮೊದಲ ಗಟ್ಟಿ ಹೆಜ್ಜೆ ಫೋಕ್ಸ್‌ವ್ಯಾಗನ್‌ನ ಸಂಶೋಧನಾ ವಿಭಾಗದ್ದು. ಲಿನಕ್ಸ್ ಗಣಕಕ್ಕೆ ಕ್ಯಾನ್ ಜಾಲದ ಮಾತು ಅರ್ಥವಾಗುವಂತೆ ಮಾಡುವ ಸಾಕೆಟ್‌ಕ್ಯಾನ್ ಎಂಬ ಭಾಗವನ್ನು ಅದು ಬರೆದು ಸಮುದಾಯಕ್ಕೆ ಒಪ್ಪಿಸಿತು. 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25 ಆವೃತ್ತಿಯಲ್ಲಿ ಅದು ಸೇರಿತು. ಇಂದು ವಿದ್ಯಾರ್ಥಿಯೊಬ್ಬ ಸಣ್ಣ ಗಣಕಫಲಕವನ್ನು ಕಾರಿಗೆ ಜೋಡಿಸಿ ಸಂದೇಶ ಓದಿದರೆ, ಅವನು ಬಳಸುವುದು ಬಹುಮಟ್ಟಿಗೆ ಇದನ್ನೇ.

ಎರಡನೆಯ ಹೆಜ್ಜೆ ಪರದೆಯದು. 2007ರ ನಂತರ ಸ್ಮಾರ್ಟ್‌ಫೋನು ಕಂಡ ಗ್ರಾಹಕ ಕಾರಿನಲ್ಲೂ ಅಂಥದ್ದನ್ನೇ ನಿರೀಕ್ಷಿಸಿದ. ಫೋನು ವರ್ಷಕ್ಕೊಮ್ಮೆ ಬದಲಾಗುತ್ತದೆ, ಕಾರಿನ ವಿನ್ಯಾಸಕ್ಕೆ ಹಲವು ವರ್ಷ ಬೇಕು. ಒಬ್ಬೊಬ್ಬರೇ ಎಲ್ಲವನ್ನೂ ಬರೆದು ಗೆಲ್ಲುವ ಓಟವಲ್ಲ ಇದು. 2009ರ ಮಾರ್ಚಿಯಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಪೂಜೊ ಸಿಟ್ರೊಯೆನ್, ಇಂಟೆಲ್, ವಿಂಡ್ ರಿವರ್ ಮೊದಲಾದವು ಸೇರಿ ಜೆನಿವಿ ಒಕ್ಕೂಟವನ್ನು ಘೋಷಿಸಿದವು. 2021ರಿಂದ ಅದರ ಹೆಸರು ಕೊವೆಸಾ. 2012ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಆಟೊಮೋಟಿವ್ ಗ್ರೇಡ್ ಲಿನಕ್ಸ್ ಆರಂಭವಾಯಿತು. ಟೊಯೊಟ, ನಿಸಾನ್, ಜಾಗ್ವಾರ್ ಲ್ಯಾಂಡ್ ರೋವರ್ ಮೊದಲ ಸಾಲಿನಲ್ಲಿದ್ದವು. ಅಮೆರಿಕಕ್ಕಾಗಿ ತಯಾರಾದ 2018ರ ಟೊಯೊಟ ಕ್ಯಾಮ್ರಿಯ ಪರದೆ ಇದರ ಮೇಲೆ ನಿಂತಿತು. ಗೂಗಲ್ 2017ರಲ್ಲಿ ಕಾರಿನೊಳಗೇ ಓಡುವ ಆಂಡ್ರಾಯ್ಡ್ ಅನ್ನು ಪ್ರಕಟಿಸಿತು. ಅದರ ತಳದಲ್ಲಿರುವುದೂ ಲಿನಕ್ಸೇ.

ಇದರ ಹಿಂದಿನ ಲೆಕ್ಕಾಚಾರ ದಾನಧರ್ಮದ್ದಲ್ಲ. ಕಾರು ಕೊಳ್ಳುವವನು ಕಡತ ತೆರೆಯುವ ವಿಧಾನ ನೋಡಿ ಕಾರು ಆರಿಸುವುದಿಲ್ಲ. ಗ್ರಾಹಕನ ಕಣ್ಣಿಗೆ ಕಾಣದ ತಳಪಾಯವನ್ನು ಹಂಚಿಕೊಂಡು, ಕಾಣುವ ಮೇಲಂತಸ್ತಿನಲ್ಲಿ ಸ್ಪರ್ಧಿಸುವುದು ಲಾಭಕರ ಎಂದು ಕಂಪನಿಗಳು ಕಂಡುಕೊಂಡವು. ಹಂಚಿಕೊಂಡದ್ದಕ್ಕೆ ಹೊಣೆಯೂ ಇದೆ. ಅಮೆರಿಕದ ಟೆಸ್ಲಾ ತನ್ನ ಕಾರುಗಳಲ್ಲಿ ಲಿನಕ್ಸ್ ಬಳಸಿಯೂ ಮೂಲ ಸಂಕೇತ ಕೊಡುತ್ತಿಲ್ಲವೆಂದು ಮುಕ್ತ ತಂತ್ರಾಂಶ ಸಂಘಟನೆಗಳು ವರ್ಷಗಟ್ಟಲೆ ಪತ್ರ ಬರೆದ ನಂತರ, 2018ರ ಮೇ ತಿಂಗಳಲ್ಲಿ ಅದರ ಒಂದು ಭಾಗ ಹೊರಬಂತು.

ಬೆಂಗಳೂರಿನ ಪಾಲು

ಬೆಂಗಳೂರಿಗೆ ಬಾಷ್ ಹೊಸಬನಲ್ಲ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಹಳಬರು ಇಂದಿಗೂ ಮೈಕೊ ಎನ್ನುತ್ತಾರೆ. ಆಡುಗೋಡಿಯ ಕಾರ್ಖಾನೆಯ ಡೀಸೆಲ್ ಪಂಪುಗಳು, ಕಿಡಿಬೆಣೆಗಳು ದೇಶದ ಲಾರಿ ಟ್ರಾಕ್ಟರುಗಳಿಗೆಲ್ಲ ಪರಿಚಿತ. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. 1990ರ ದಶಕದಲ್ಲಿ ಇದೇ ಸಮೂಹ ಇಲ್ಲಿ ತಂತ್ರಾಂಶ ಕಂಪನಿಯೊಂದನ್ನೂ ತೆರೆಯಿತು. ಮುಂದೆ ಅದು ರಾಬರ್ಟ್ ಬಾಷ್ ಎಂಜಿನಿಯರಿಂಗ್ ಅಂಡ್ ಬಿಸಿನೆಸ್ ಸೊಲ್ಯೂಷನ್ಸ್ ಎಂಬ ಹೆಸರು ಪಡೆಯಿತು. 1996ರಲ್ಲಿ ಮರ್ಸಿಡಿಸ್, 2003ರಲ್ಲಿ ಜನರಲ್ ಮೋಟಾರ್ಸ್ ಕೂಡ ಇಲ್ಲಿ ಸಂಶೋಧನಾ ಕೇಂದ್ರಗಳನ್ನು ತೆರೆದವು. ಪಂಪಿನ ಲೋಹ ಕೆತ್ತುತ್ತಿದ್ದ ಊರು ಪಂಪನ್ನು ಆಳುವ ತಂತ್ರಾಂಶವನ್ನು ಬರೆಯತೊಡಗಿತು.

ಮುಕ್ತ ತಂತ್ರಾಂಶಕ್ಕೂ ಇಲ್ಲಿ ನೆಲ ಹದವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕ 2001ರಲ್ಲಿ ಜನರ ಮುಂದೆ ಬಂತು. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್. ಅದರ ಯಂತ್ರಾಂಶದ ವಿನ್ಯಾಸಕ್ಕೂ ಜಿಪಿಎಲ್ ಮಾದರಿಯ ಪರವಾನಗಿಯೊಂದನ್ನು ರೂಪಿಸಲಾಗಿತ್ತು. ಬಡವರ ಗಣಕವಾಗಿ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಆದರೆ ವಾಹನದ ಎಂಜಿನ್ ದೋಷ ಪತ್ತೆಯಂಥ ಕೆಲಸಗಳಿಗೆ ಬಳಕೆಯಾಯಿತು. ಇದೇ ದಶಕದಲ್ಲಿ ಲಿನಕ್ಸ್ ಬೆಂಗಳೂರು ಮತ್ತು ಫಾಸ್ ಡಾಟ್ ಇನ್ ಹೆಸರಿನ ಸಮ್ಮೇಳನಗಳು ದೇಶದ ಎಲ್ಲೆಡೆಯಿಂದ ಯುವ ತಂತ್ರಜ್ಞರನ್ನು ಇಲ್ಲಿಗೆ ಸೆಳೆದವು.

ಈ ಎರಡು ಧಾರೆಗಳು ಕೂಡಿದ್ದು 2011ರಲ್ಲಿ, ಬಸ್‌ಮಾಸ್ಟರ್ ಎಂಬ ತಂತ್ರಾಂಶದಲ್ಲಿ. ಇಲ್ಲಿ ಬಸ್ ಎಂದರೆ ಪ್ರಯಾಣಿಕರದ್ದಲ್ಲ. ಘಟಕಗಳು ಹಂಚಿಕೊಳ್ಳುವ ತಂತಿಗೆ ಇರುವ ಹೆಸರು. ಕ್ಯಾನ್ ಜಾಲವನ್ನು ಪರೀಕ್ಷಿಸಲು ಬೆಂಗಳೂರಿನ ಬಾಷ್ ಎಂಜಿನಿಯರುಗಳು ತಮ್ಮ ಕೆಲಸಕ್ಕೆಂದು ಕ್ಯಾನ್ವಾಸ್ ಎಂಬ ಸಾಧನವನ್ನು ಬರೆದುಕೊಂಡಿದ್ದರು. ಅದರ ಆಧಾರದ ಮೇಲೆ ಬಸ್‌ಮಾಸ್ಟರ್ ರೂಪುಗೊಂಡಿತು. ಇದೇ ಸಮೂಹದ ಜರ್ಮನ್ ಕಂಪನಿ ಇಟಾಸ್ ಜೊತೆಗೂಡಿ ಅದನ್ನು ಮೂಲ ಸಂಕೇತ ಸಮೇತ ಬಿಡುಗಡೆ ಮಾಡಲಾಯಿತು.

ಇದು ಮಾಡುವ ಕೆಲಸ ವೈದ್ಯರ ಸ್ಟೆತಸ್ಕೋಪಿನಂಥದ್ದು. ಗಣಕಕ್ಕೂ ಕಾರಿಗೂ ನಡುವೆ ಒಂದು ಜೋಡಕ ಹಾಕಿದರೆ, ತಂತಿಯ ಮೇಲೆ ಹರಿಯುವ ಪ್ರತಿ ಸಂದೇಶವೂ ಸಮಯದೊಂದಿಗೆ ಪರದೆಯ ಮೇಲೆ ಮೂಡುತ್ತದೆ. ಬರೀ ಸಂಖ್ಯೆಗಳಿಂದ ಪ್ರಯೋಜನವಿಲ್ಲ. ಅವಕ್ಕೆ ಅರ್ಥ ಹಚ್ಚಬೇಕು. ಹೊಗೆ ನಿಯಮಗಳ ಸಲುವಾಗಿ ಎಲ್ಲ ಕಂಪನಿಗಳೂ ಪಾಲಿಸುವ ಓಬಿಡಿ ಮಾನಕದಲ್ಲಿ ಎಂಜಿನ್ ವೇಗ ಎರಡು ಬೈಟ್‌ಗಳಲ್ಲಿ ಬರುತ್ತದೆ. ಅವು 26 ಮತ್ತು 248 ಎಂದಿಟ್ಟುಕೊಳ್ಳಿ. 26ನ್ನು 256ರಿಂದ ಗುಣಿಸಿ 248 ಕೂಡಿದರೆ 6904; ನಾಲ್ಕರಿಂದ ಭಾಗಿಸಿದರೆ 1726. ಎಂಜಿನ್ ನಿಮಿಷಕ್ಕೆ 1726 ಸುತ್ತು ತಿರುಗುತ್ತಿದೆ. ಇಂಥ ಸೂತ್ರಗಳನ್ನು ಕೊಟ್ಟರೆ ಬಸ್‌ಮಾಸ್ಟರ್ ಅಂಕಿಗಳನ್ನು ಅಳತೆಗಳಾಗಿ ತೋರಿಸುತ್ತದೆ, ದಾಖಲಿಸುತ್ತದೆ, ದಾಖಲೆಯನ್ನು ಮತ್ತೆ ಓಡಿಸುತ್ತದೆ. ಇನ್ನೂ ತಯಾರಾಗದ ಘಟಕದ ಪರವಾಗಿ ಸಿ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ, ಅದು ಇದ್ದಂತೆಯೇ ನಟಿಸಿ ಉಳಿದ ಘಟಕಗಳನ್ನು ಪರೀಕ್ಷಿಸಲೂ ಬರುತ್ತದೆ.

ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಮೊದಲಿನಿಂದಲೂ ಉತ್ತಮ ಸಾಧನಗಳಿದ್ದವು. ವೆಕ್ಟರ್ ಕಂಪನಿಯ ಕ್ಯಾನಲೈಸರ್ ಪ್ರಸಿದ್ಧ. ಆದರೆ ಅವುಗಳ ಬೆಲೆ ದೊಡ್ಡ ಕಂಪನಿಗಳಿಗೆ ಎಟುಕುವಂಥದ್ದು. ಪೀಣ್ಯದ ಸಣ್ಣ ಘಟಕಕ್ಕೋ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೋ ಹತ್ತು ಪ್ರತಿ ಕೊಳ್ಳುವುದು ಕಷ್ಟ. ಬಸ್‌ಮಾಸ್ಟರ್ ಬಂದ ಮೇಲೆ ವಿದ್ಯಾರ್ಥಿಗೆ ಬೇಕಾದದ್ದು ಒಂದು ಗಣಕ, ಒಂದು ಜೋಡಕ ಮತ್ತು ಕುತೂಹಲ. ಸಾಧನ ಬಳಸುವುದಷ್ಟೇ ಅಲ್ಲ, ಅದು ಹೇಗೆ ಕೆಲಸ ಮಾಡುತ್ತದೆಂದು ತೆರೆದು ಓದಬಹುದು. ಕಲಿಕೆಯ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಗುಟ್ಟಿಗೆ ತೆತ್ತ ಬೆಲೆ

ಮುಚ್ಚಿದ ಪೆಟ್ಟಿಗೆಯ ಅಪಾಯ ಎರಡು ಪ್ರಕರಣಗಳಿಂದ ಲೋಕಕ್ಕೆ ತಿಳಿಯಿತು.

ಮೊದಲನೆಯದು ತಾನಾಗಿ ವೇಗ ಹೆಚ್ಚಿಸಿಕೊಂಡವೆಂದು ದೂರು ಬಂದ ಟೊಯೊಟ ಕಾರುಗಳದ್ದು. ನಾಸಾದ ತಜ್ಞರು ಪರಿಶೀಲಿಸಿ 2011ರಲ್ಲಿ ಕೊಟ್ಟ ವರದಿಯಲ್ಲಿ ವಿದ್ಯುನ್ಮಾನ ದೋಷ ಸಾಬೀತಾಗಲಿಲ್ಲ. ಮುಂದೆ 2007ರ ಅಪಘಾತವೊಂದರ ಮೊಕದ್ದಮೆಯಲ್ಲಿ ಮೈಕೆಲ್ ಬಾರ್ ಎಂಬ ತಜ್ಞರಿಗೆ ಎಂಜಿನ್ ತಂತ್ರಾಂಶದ ಮೂಲವನ್ನು ಬಿಗಿ ಕಾವಲಿನ ಕೋಣೆಯೊಂದರಲ್ಲಿ ಓದಲು ಅವಕಾಶ ಸಿಕ್ಕಿತು. ಅದರಲ್ಲಿ ಹಲವು ಗಂಭೀರ ನ್ಯೂನತೆಗಳಿವೆ ಎಂದು ಅವರು ಸಾಕ್ಷ್ಯ ನುಡಿದರು. 2013ರ ಅಕ್ಟೋಬರಿನಲ್ಲಿ ಓಕ್ಲಹೋಮದ ನ್ಯಾಯದರ್ಶಿ ಮಂಡಳಿ ಕಂಪನಿಯ ವಿರುದ್ಧ ತೀರ್ಪಿತ್ತಿತು. ಲಕ್ಷಾಂತರ ಜನರ ಪ್ರಾಣ ಹೊತ್ತ ತಂತ್ರಾಂಶವನ್ನು ಹೊರಗಿನವರೊಬ್ಬರು ಓದಲು ನ್ಯಾಯಾಲಯದ ಆಜ್ಞೆಯೇ ಬೇಕಾಯಿತು.

ಎರಡನೆಯದು ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳದ್ದು. ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು 2013ರಲ್ಲಿ ಕಾರಿನ ಹಿಂಭಾಗಕ್ಕೆ ಅಳತೆಯ ಉಪಕರಣ ಕಟ್ಟಿ ನಿಜವಾದ ರಸ್ತೆಗಳಲ್ಲಿ ಓಡಿಸಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಒಬ್ಬರು. ಪ್ರಯೋಗಾಲಯದಲ್ಲಿ ಸಾಧುವಾಗಿದ್ದ ಕಾರು ರಸ್ತೆಯಲ್ಲಿ ಮಿತಿಯ 35 ಪಟ್ಟಿನವರೆಗೂ ನೈಟ್ರೊಜನ್ ಆಕ್ಸೈಡುಗಳನ್ನು ಉಗುಳುತ್ತಿತ್ತು. 2014ರಲ್ಲಿ ವರದಿ ಹೊರಬಂತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟೀಸು ಕೊಟ್ಟಿತು. ಸ್ಟೀರಿಂಗಿನ ಸ್ಥಾನ, ವೇಗ, ಎಂಜಿನ್ ಓಡಿದ ಅವಧಿ, ವಾಯುಭಾರ ಇವನ್ನು ನೋಡಿ, ತಾನೀಗ ಪರೀಕ್ಷೆಯಲ್ಲಿದ್ದೇನೆ ಎಂದು ತಂತ್ರಾಂಶ ಗುರುತಿಸುತ್ತಿತ್ತು. ಆಗ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧಗೊಳಿಸುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಈ ತಂತ್ರಾಂಶವಿತ್ತು. ಭಾರತದಲ್ಲಿ ಸುಮಾರು 3.2 ಲಕ್ಷ ಕಾರುಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯಲಾಯಿತು. ನಿಯಂತ್ರಣ ಪೆಟ್ಟಿಗೆ ಒದಗಿಸಿದ್ದ ಬಾಷ್‌ಗೂ 2019ರಲ್ಲಿ ಜರ್ಮನಿಯಲ್ಲಿ 9 ಕೋಟಿ ಯೂರೊ ದಂಡ ಬಿತ್ತು.

ಇಲ್ಲೊಂದು ವಿಪರ್ಯಾಸವಿದೆ. ಕಾರಿನ ತಂತ್ರಾಂಶವನ್ನು ಮಾಲೀಕರೂ ಸಂಶೋಧಕರೂ ತೆರೆದು ನೋಡಲು ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ಬೇಕೆಂಬ ಅರ್ಜಿ ಆಗ ಅಮೆರಿಕದಲ್ಲಿ ವಿಚಾರಣೆಯಲ್ಲಿತ್ತು. ಜನ ಹೊಗೆ ನಿಯಂತ್ರಣವನ್ನು ಕೆಡಿಸಿಯಾರೆಂದು ಅದನ್ನು ವಿರೋಧಿಸಿ 2015ರ ಜುಲೈನಲ್ಲಿ ಪತ್ರ ಬರೆದದ್ದು ಅದೇ ಪರಿಸರ ಸಂಸ್ಥೆ. ಎರಡು ತಿಂಗಳಲ್ಲಿ, ಕೆಡಿಸಿದ್ದು ಮಾಲೀಕರಲ್ಲ ತಯಾರಕರೇ ಎಂಬುದು ಬಯಲಾಯಿತು. ಅಕ್ಟೋಬರಿನಲ್ಲಿ ವಿನಾಯಿತಿ ದೊರೆಯಿತು.

ಮೂಲ ಬಹಿರಂಗವಾದ ಮಾತ್ರಕ್ಕೆ ದೋಷ ಇರುವುದಿಲ್ಲ ಎನ್ನುವಂತಿಲ್ಲ. ಅಂತರಜಾಲದ ಭದ್ರತೆಗೆ ಆಧಾರವಾದ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿದ್ದ ದೊಡ್ಡ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ 2014ರಲ್ಲಿ ಪತ್ತೆಯಾಯಿತು. ಬಾಗಿಲು ತೆರೆದಿದ್ದರೆ ಸಾಲದು, ಒಳಹೊಕ್ಕು ನೋಡುವವರು ಬೇಕು. ಆದರೆ ಉದ್ದೇಶಪೂರ್ವಕ ಮೋಸವನ್ನು ಎಲ್ಲರೂ ಓದಬಲ್ಲ ಪುಟದಲ್ಲಿ ಬರೆದಿಡುವ ಧೈರ್ಯ ಯಾರಿಗೂ ಸುಲಭವಾಗಿ ಬಾರದು.

ಬ್ರೇಕಿಗೆ ಲಿನಕ್ಸ್ ಏಕಿಲ್ಲ?

ಪರದೆಗೆ ಬಂದ ಲಿನಕ್ಸ್ ಬ್ರೇಕಿಗೆ ಬರಲಿಲ್ಲ. ಕಾರಣ ತಾಂತ್ರಿಕವಾದದ್ದು. ಗಾಳಿಚೀಲ ಉಬ್ಬಬೇಕಾದದ್ದು ಡಿಕ್ಕಿಯಾದ ಕೆಲವು ಮಿಲಿಸೆಕೆಂಡುಗಳಲ್ಲಿ. ಸರಾಸರಿ ವೇಗವಲ್ಲ, ಎಂದೂ ತಪ್ಪದ ಸಮಯಪಾಲನೆ ಅಲ್ಲಿ ಮುಖ್ಯ. ಮೇಜಿನ ಗಣಕಕ್ಕೆಂದು ಹುಟ್ಟಿದ ಲಿನಕ್ಸ್ ಅಂಥ ಭರವಸೆ ಕೊಡುತ್ತಿರಲಿಲ್ಲ. ಅದನ್ನು ಕೊಡಿಸುವ ತಿದ್ದುಪಡಿಗಳ ಮೇಲೆ ಸುಮಾರು ಎರಡು ದಶಕ ಕೆಲಸ ನಡೆದು, 2024ರ ನವೆಂಬರಿನ 6.12 ಆವೃತ್ತಿಯಲ್ಲಿ ಅವು ಮುಖ್ಯ ಲಿನಕ್ಸ್‌ನಲ್ಲಿ ಸೇರಿದವು.

ಇನ್ನೊಂದು ಕಾರಣ ದಾಖಲೆಯದು. 2011ರ ಐಎಸ್‌ಒ 26262 ಮಾನಕದ ಪ್ರಕಾರ ಸುರಕ್ಷತೆಗೆ ಸಂಬಂಧಿಸಿದ ಪ್ರತಿ ಸಾಲೂ ಯಾವ ಅಗತ್ಯಕ್ಕೆ ಬರೆದದ್ದು, ಹೇಗೆ ಪರೀಕ್ಷಿಸಿದ್ದು ಎಂಬುದಕ್ಕೆ ಪುರಾವೆ ಬೇಕು. ಸಾವಿರಾರು ಜನ ಸೇರಿ ಬೆಳೆಸಿದ ತಂತ್ರಾಂಶಕ್ಕೆ ಹಿಂದಿನಿಂದ ಇಂಥ ಜಾತಕ ಬರೆಯುವುದು ಕಷ್ಟ. ಈ ಸಮಸ್ಯೆಗೆಂದೇ 2019ರಲ್ಲಿ ಎಲೀಸಾ ಯೋಜನೆ ಆರಂಭವಾಯಿತು. 2025ರ ಜೂನ್‌ನಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಫೋಕ್ಸ್‌ವ್ಯಾಗನ್, ಬಾಷ್ ಸೇರಿ 11 ಕಂಪನಿಗಳು ತಳಪಾಯದ ತಂತ್ರಾಂಶವನ್ನು ಮುಕ್ತವಾಗಿ ಒಟ್ಟಿಗೆ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದವು. 1986ರಲ್ಲಿ ತಂತಿಯ ನಿಯಮವನ್ನು ಹಂಚಿಕೊಂಡ ಉದ್ಯಮ ಸುಮಾರು 40 ವರ್ಷಗಳ ಮೇಲೆ ತಂತ್ರಾಂಶದ ತಳಪಾಯವನ್ನೂ ಹಂಚಿಕೊಳ್ಳಲು ಮುಂದಾಯಿತು.

ಗ್ಯಾರೇಜಿನ ಪ್ರಶ್ನೆ

ಈ ಒಪ್ಪಂದಗಳೆಲ್ಲ ತಯಾರಕರ ನಡುವಿನವು. ಮಾಗಡಿ ರಸ್ತೆಯಲ್ಲೋ ಸುಂಕದಕಟ್ಟೆಯಲ್ಲೋ ಗ್ಯಾರೇಜು ನಡೆಸುವವನಿಗೆ ಇದರಿಂದ ಏನು ಸಿಕ್ಕಿತು? ಕಾರ್ಬ್ಯುರೇಟರ್ ಕಾಲದಲ್ಲಿ ಅವನ ಬಂಡವಾಳ ಕೈಚಳಕ ಮತ್ತು ಕಿವಿ. ಈಗ ಎಚ್ಚರಿಕೆ ದೀಪ ಹತ್ತಿದರೆ ದೋಷ ಸಂಖ್ಯೆ ಓದುವ ಸ್ಕ್ಯಾನರ್ ಬೇಕು. ಹೊಗೆಗೆ ಸಂಬಂಧಿಸಿದ ಸಂಖ್ಯೆಗಳು ಮಾನಕವಾದ್ದರಿಂದ ಅಗ್ಗದ ಸ್ಕ್ಯಾನರಿಗೂ ಸಿಗುತ್ತವೆ. ಬ್ರೇಕು, ಗಾಳಿಚೀಲ, ಕೀಲಿಗಳ ವಿಷಯಕ್ಕೆ ಬಂದರೆ ನಿಘಂಟು ಕಂಪನಿಯ ಬೀರುವಿನಲ್ಲೇ ಇದೆ. ಕೈಯಲ್ಲಿ ಕಸುಬಿದ್ದೂ ಅವನು ಗಿರಾಕಿಯನ್ನು ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ.

ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಈ ವಿಷಯದಲ್ಲಿ ಮಹತ್ವದ ಆದೇಶ ಕೊಟ್ಟಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಗಳು ನಡೆದವು. ಆದರೆ ರಿಪೇರಿಯ ಮಾಹಿತಿ ಕೊಡದಿರುವುದು ಸ್ಪರ್ಧೆಗೆ ಧಕ್ಕೆ ಎಂಬ ತತ್ವ ದಾಖಲಾಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು. ಡಿಸೆಂಬರಿನಲ್ಲಿ ಅದಕ್ಕಾಗಿ ಅಂತರಜಾಲ ತಾಣವನ್ನೂ ತೆರೆಯಿತು. ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು.

ಪರವಾನಗಿಯ ಭಾಷೆಯಲ್ಲೂ ಇದೇ ಜಗ್ಗಾಟವಿದೆ. 2007ರ ಜಿಪಿಎಲ್ ಮೂರನೆಯ ಆವೃತ್ತಿ ಮೂಲ ಸಂಕೇತ ಕೊಟ್ಟರೆ ಸಾಲದು, ಗೃಹಬಳಕೆಯ ಉಪಕರಣವಾದರೆ ತಿದ್ದಿದ ತಂತ್ರಾಂಶವನ್ನು ಅದರಲ್ಲಿ ಓಡಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕೆನ್ನುತ್ತದೆ. ಕಾರಿನ ಬೀಗದ ಕೈಯನ್ನೇ ಕೊಟ್ಟಂತೆ ಎಂದು ತಯಾರಕರು ಇದರಿಂದ ದೂರ ಸರಿಯುತ್ತಾರೆ. ಅವರ ಭಯ ಪೂರ್ತಿ ನಿರಾಧಾರವಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿಯನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿದರು. 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಆದರೆ ಆ ಜೀಪಿನ ಪರದೆಯ ತಂತ್ರಾಂಶ ಮುಕ್ತವಾದದ್ದಲ್ಲ ಎಂಬುದನ್ನೂ ನೆನಪಿಡಬೇಕು. ಗುಟ್ಟು ಬೇರೆ, ಭದ್ರತೆ ಬೇರೆ. ಬೆಂಗಳೂರಿನ ಬಸ್‌ಮಾಸ್ಟರ್ ಬಿಡುಗಡೆಯಾದದ್ದು ಇದೇ ಮೂರನೆಯ ಆವೃತ್ತಿಯ ಅಡಿಯಲ್ಲಿ. ಅದು ಮೇಜಿನ ಮೇಲಿನ ಸಾಧನವಾದ್ದರಿಂದ ಅಡ್ಡಿಯಾಗಲಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಹುಲ್ಲುಗಾವಲಿಗೆ ಎರಡು ಹೆಸರುಗಳಿದ್ದವು. ಗೋಮಾಳ ಊರ ದನಗಳಿಗೆಲ್ಲ ಸೇರಿದ್ದು. ಅಮೃತಮಹಲಿನ ಕಾವಲುಗಳು ಅರಮನೆಯ ದನಗಳಿಗೆ ಮೀಸಲು. ನಗರದ ಪಶ್ಚಿಮದ ಶ್ರೀಗಂಧದ ಕಾವಲ್ ಆ ಪದವನ್ನು ಇಂದಿಗೂ ಹೊತ್ತಿದೆ. ಕಾರಿನ ತಂತ್ರಾಂಶವೂ ಹೀಗೆಯೇ ಎರಡು ಪಾಲಾಗಿದೆ. ತಳಪಾಯ ಗೋಮಾಳ, ಮೇಲಿನದು ಕಾವಲು. ಗೋಮಾಳ ಉಳಿಯಬೇಕಾದರೆ ಒತ್ತುವರಿ ತಡೆಯುವ ನಿಯಮ ಬೇಕು. ಜಿಪಿಎಲ್ ಅಂಥ ನಿಯಮ. ಕಾವಲು ಇರಬಾರದೆಂದು ಹೇಳುವುದು ವ್ಯಾವಹಾರಿಕವಲ್ಲ. ಅದರ ಬೇಲಿ ಎಲ್ಲಿರಬೇಕೆಂಬುದು ಮಾತ್ರ ಬೇಲಿ ಹಾಕುವವರೊಬ್ಬರೇ ತೀರ್ಮಾನಿಸುವ ವಿಷಯವಲ್ಲ. ಹೊಗೆ, ಸುರಕ್ಷತೆ, ರಿಪೇರಿ ಈ ಮೂರಕ್ಕೆ ಸಂಬಂಧಿಸಿದ ಮಾಹಿತಿ ಬೇಲಿಯ ಹೊರಗಿರಬೇಕೆಂಬುದು ಈ ಚರಿತ್ರೆ ಕಲಿಸುವ ಪಾಠ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಐಟಿಐಗಳು ಈ ದಿಕ್ಕಿನಲ್ಲಿ ಒಂದು ಕೆಲಸವನ್ನು ಕಾನೂನಿಗೆ ಕಾಯದೆ ಮಾಡಬಹುದು. ಸಾಕೆಟ್‌ಕ್ಯಾನ್, ಬಸ್‌ಮಾಸ್ಟರ್ ಎರಡೂ ಉಚಿತವಾಗಿ ಸಿಗುತ್ತವೆ. ಹಳೆಯ ಕಾರೊಂದರ ಎರಡು ಘಟಕಗಳು, ಎರಡು ತಂತಿ, ತುದಿಗೊಂದರಂತೆ 120 ಓಮ್‌ನ ಎರಡು ರೋಧಕಗಳು ಇದ್ದರೆ ಪ್ರಯೋಗದ ಮೇಜು ಸಿದ್ಧ. ಮೆಕ್ಯಾನಿಕ್ ಆಗಲಿರುವ ಹುಡುಗ ಸಂದೇಶವೊಂದನ್ನು ಓದಿ ಅದರ ಅರ್ಥವನ್ನು ತಾನೇ ಬಿಡಿಸಿದರೆ, ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಲ್ಲುವ ಸ್ಥಿತಿ ಅವನಿಗೆ ಇರುವುದಿಲ್ಲ.